ಮೇಕರ್ ಶಿಕ್ಷಣದ ಸಂಯೋಜಕ

ಮೇಕರ್ ಶಿಕ್ಷಣದ ಸಂಯೋಜಕ: ವಸ್ತುಗಳನ್ನು ಕೈಯಾರೆ ಮಾಡುತ್ತ, ಬಿಚ್ಚಿ ಜೋಡಿಸುತ್ತ, ಕೆಟ್ಟದ್ದನ್ನು ಸರಿಪಡಿಸುತ್ತ ಕಲಿಯುವ ಪದ್ಧತಿಯನ್ನು ಬಡ ಅಥವಾ ಅವಕಾಶವಂಚಿತ ಸಮುದಾಯಗಳಲ್ಲಿ ಬೆಳೆಸಲು ನೇಮಕವಾಗುವ ಪೂರ್ಣಾವಧಿ ಕಾರ್ಯಕರ್ತ. ಕಾರ್ಯಕ್ರಮ ವ್ಯವಸ್ಥಾಪಕ ಎಂದೂ ಕರೆಯುವುದುಂಟು. ಈ ಕಾರ್ಯಕರ್ತ ಕೂರುವುದು ಶಾಲೆ, ಗ್ರಂಥಾಲಯ, ವಸ್ತುಸಂಗ್ರಹಾಲಯ ಅಥವಾ ಸಮುದಾಯ ಕೇಂದ್ರದಲ್ಲಿ. ಸಾಮಾನ್ಯವಾಗಿ ಸಂಬಳ ಅಥವಾ ಭತ್ಯೆ ಹೊರಗಿನ ಯೋಜನೆಯಿಂದ ಬರುತ್ತದೆ. ಕೆಲಸದ ಜಾಗ, ಮೇಲ್ವಿಚಾರಣೆ, ಊರಿನ ಜನರ ಪರಿಚಯ ಇವುಗಳ ಹೊಣೆ ಆತಿಥೇಯ ಸಂಸ್ಥೆಯದು. ಈ ಏರ್ಪಾಡು ಸ್ಪಷ್ಟ ರೂಪ ಪಡೆದದ್ದು ಅಮೆರಿಕದಲ್ಲಿ, ವಿಸ್ಟಾ ಎಂಬ ಸರ್ಕಾರಿ ಸೇವಾ ಯೋಜನೆಯ ಆಸರೆಯಲ್ಲಿ.

ಈ ಪದ್ಧತಿಯ ಹಿಂದಿರುವ ಮೇಕರ್ ಚಳವಳಿಯ ಚರಿತ್ರೆಯನ್ನು ಹೆಚ್ಚಾಗಿ ಯಂತ್ರಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಲೇಸರ್ ಕಟರ್ ಯಾವಾಗ ಬಂತು, ತ್ರೀಡಿ ಪ್ರಿಂಟರ್ ಯಾವಾಗ ಅಗ್ಗವಾಯಿತು ಎಂಬುದಕ್ಕೆ ಬೇಕಾದಷ್ಟು ದಾಖಲೆ ಸಿಗುತ್ತದೆ. ಆ ಯಂತ್ರವಿದ್ದ ಕೋಣೆಯ ಬೀಗದ ಕೈ ಯಾರ ಬಳಿ ಇತ್ತು ಎಂಬ ಮಾತು ಮಾತ್ರ ಅಡಿಟಿಪ್ಪಣಿಗೆ ಸರಿಯುತ್ತದೆ. ಚಳವಳಿ 2005ರಲ್ಲಿ ಹುಟ್ಟಿತೆನ್ನುವ ರೂಢಿಯ ಮಾತೂ ಈ ದೃಷ್ಟಿಯ ಫಲವೇ. ಆ ವರ್ಷ ಹುಟ್ಟಿದ್ದು ‘ಮೇಕ್’ ಎಂಬ ಪತ್ರಿಕೆ.

ಹಿನ್ನೆಲೆ

ಕೈಕೆಲಸವನ್ನು ಸಾಮಾನ್ಯ ಶಿಕ್ಷಣದ ಭಾಗವಾಗಿಸುವ ಯತ್ನ 19ನೆಯ ಶತಮಾನದ್ದು. ಸ್ವೀಡನ್ನಿನ ನ್ಯಾಸ್‌ನಲ್ಲಿ ಆಟೊ ಸಾಲೊಮನ್ ಮರಗೆಲಸದ ‘ಸ್ಲಾಯ್ಡ್’ ಪದ್ಧತಿಗೆ ಶಿಕ್ಷಕರನ್ನು ತಯಾರು ಮಾಡಿದ. ಅಮೆರಿಕದ ಸೇಂಟ್ ಲೂಯಿಯಲ್ಲಿ ಕ್ಯಾಲ್ವಿನ್ ವುಡ್ವರ್ಡ್ 1879ರಲ್ಲಿ ಕೈಕೆಲಸದ ಶಾಲೆ ಸ್ಥಾಪಿಸಿದ. ಇವು ಶಾಲೆಯ ಕಥೆಗಳು. ಸಂಯೋಜಕನ ವಂಶಾವಳಿ ಹುಡುಕಬೇಕಾದದ್ದು ಷಿಕಾಗೋದ ಹಲ್ ಹೌಸ್‌ನಲ್ಲಿ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸಿಗರ ಬಡ ಬಡಾವಣೆಯ ನಡುವೆ ಮನೆ ಹಿಡಿದು ಅಲ್ಲೇ ನೆಲೆಸಿದರು. 1900ರಲ್ಲಿ ಅಲ್ಲಿ ‘ಲೇಬರ್ ಮ್ಯೂಸಿಯಂ’ ತೆರೆಯಿತು. ಹಳ್ಳಿಯಿಂದ ಬಂದ ತಾಯಂದಿರು ನೂಲುವ, ನೇಯುವ ವಿದ್ಯೆಯನ್ನು ಜನರೆದುರು ತೋರಿಸಿದರು; ಕಾರ್ಖಾನೆಗೆ ಹೋಗುತ್ತಿದ್ದ, ತಾಯಿಯ ಹಳ್ಳಿತನಕ್ಕೆ ನಾಚುತ್ತಿದ್ದ ಮಕ್ಕಳು ಅದನ್ನು ನೋಡಿದರು. ಹೊರಗಿನವರು ಬಡಾವಣೆಗೆ ಬಂದು ನೆಲೆಸುವುದು, ಆದರೆ ಕಲಿಸುವ ಕೈ ಬಡಾವಣೆಯವರದ್ದೇ ಆಗಿರುವುದು: ಮುಂದೆ ವಿಸ್ಟಾದ ನಿಯಮವಾಗಿ ಬಂದದ್ದರ ಮೊದಲ ಸುಳಿವು ಇಲ್ಲಿದೆ.

ಬಡವರ ಮಕ್ಕಳಿಗೆ ಕೈಕೆಲಸ ಕಲಿಸುವುದು ಎಲ್ಲ ಕಾಲಕ್ಕೂ ನಿರ್ವಿವಾದವಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಗುರುತಿಸಬೇಕು. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಟಸ್ಕೀಗಿಯಲ್ಲಿ ಆರಂಭಿಸಿದ ಔದ್ಯೋಗಿಕ ಶಿಕ್ಷಣವನ್ನು ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಕಟುವಾಗಿ ಟೀಕಿಸಿದರು. ಕಪ್ಪು ಜನರಿಗೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚಿ ಕೈಗೆ ಉಪಕರಣ ಕೊಡುವುದು ಅವರ ದೃಷ್ಟಿಯಲ್ಲಿ ಶಿಕ್ಷಣವಲ್ಲ, ಶರಣಾಗತಿ. ಮದರಾಸು ರಾಜ್ಯದಲ್ಲಿ 1953ರಲ್ಲಿ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ (ರಾಜಾಜಿ) ತಂದ ಪ್ರಾಥಮಿಕ ಶಿಕ್ಷಣ ಯೋಜನೆಗೂ ಇದೇ ಗತಿಯಾಯಿತು. ಅರ್ಧ ದಿನ ಶಾಲೆ, ಉಳಿದ ಅರ್ಧ ದಿನ ಮನೆತನದ ಕಸುಬು ಎಂಬ ಆ ಯೋಜನೆಯನ್ನು ವಿರೋಧಿಗಳು ‘ಕುಲಕಲ್ವಿ’, ಎಂದರೆ ಜಾತಿಯ ವಿದ್ಯೆ, ಎಂದು ಕರೆದರು; ಮರುವರ್ಷ ರಾಜಾಜಿ ಅಧಿಕಾರದಿಂದ ಇಳಿದರು, ಯೋಜನೆ ರದ್ದಾಯಿತು.

ವಿಸ್ಟಾ

ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಾರಿದ ಸಮರದ ಅಂಗವಾಗಿ 1964ರ ಆಗಸ್ಟಿನಲ್ಲಿ ಆರ್ಥಿಕ ಅವಕಾಶ ಕಾಯ್ದೆ ಜಾರಿಗೆ ಬಂತು. ಅದರ ಒಂದು ಭಾಗವಾಗಿ ವಿಸ್ಟಾ, ಎಂದರೆ ಅಮೆರಿಕದ ಸೇವೆಯಲ್ಲಿ ಸ್ವಯಂಸೇವಕರು, ಹುಟ್ಟಿತು. ಕೆನಡಿಯ ಕಾಲದಲ್ಲಿ ಸಂಸತ್ತಿನಲ್ಲಿ ಮುಂದೆ ಸಾಗದ ‘ದೇಶದೊಳಗಿನ ಪೀಸ್ ಕೋರ್’ ಎಂಬ ಕಲ್ಪನೆಯ ಮರುಹುಟ್ಟು ಇದು. ಮೊದಲ ತಂಡದ 20 ಮಂದಿ ಅದೇ ವರ್ಷದ ಡಿಸೆಂಬರಿನಲ್ಲಿ ಕೆಲಸಕ್ಕೆ ಹೊರಟರು. ಸ್ವಯಂಸೇವಕನ ಭತ್ಯೆಯನ್ನು ಬಡತನ ರೇಖೆಯ ಆಸುಪಾಸಿನಲ್ಲಿ ಇಟ್ಟದ್ದು ಜಿಪುಣತನದಿಂದಲ್ಲ. ಯಾರ ನಡುವೆ ಕೆಲಸವೋ ಅವರಂತೆಯೇ ಬದುಕಬೇಕು ಎಂಬುದು ತತ್ತ್ವ. ಕೈಯಲ್ಲಿ ಸ್ವಲ್ಪ ಹಣವಿರುವ ಮನೆಯ ಮಕ್ಕಳಿಗೇ ಅದು ಸುಲಭವಾಗುತ್ತದೆ ಎಂಬ ಆಕ್ಷೇಪವೂ ಇದೆ.

ಆರಂಭದಲ್ಲಿ ಸ್ವಯಂಸೇವಕರು ತಾವೇ ಪಾಠ ಹೇಳಿದರು, ಜನರನ್ನು ಸಂಘಟಿಸಿದರು. ಕೆಲವೆಡೆ ಸ್ಥಳೀಯ ರಾಜಕಾರಣಿಗಳ ಕೋಪಕ್ಕೂ ಗುರಿಯಾದರು. 1971ರಲ್ಲಿ ಯೋಜನೆ ಆಕ್ಷನ್ ಎಂಬ ಇಲಾಖೆಗೆ ಹೋಯಿತು. 1980ರ ದಶಕದಲ್ಲಿ ರೇಗನ್ ಆಡಳಿತ ಅದನ್ನು ಮುಚ್ಚಲು ನೋಡಿತು. 1993ರ ರಾಷ್ಟ್ರೀಯ ಸೇವಾ ಕಾಯ್ದೆಯಿಂದ ಅದು ಅಮೆರಿಕೋರ್ ಎಂಬ ಹೊಸ ಸೇವಾ ಕಾರ್ಯಕ್ರಮದ ಅಂಗವಾಯಿತು. ವಿಸ್ಟಾ 1993ರಲ್ಲೇ ಆರಂಭವಾಯಿತೆಂಬ ತಪ್ಪು ಕೆಲವು ಬರಹಗಳಲ್ಲಿ ನುಸುಳಿರುವುದು ಹೀಗೆ.

ಇದಕ್ಕಿಂತ ದೊಡ್ಡ ಗೊಂದಲ ಕೆಲಸದ ಸ್ವರೂಪದ್ದು. ಇಂದಿನ ನಿಯಮದಂತೆ ವಿಸ್ಟಾ ಸದಸ್ಯ ನೇರ ಸೇವೆ ಮಾಡುವಂತಿಲ್ಲ. ಮಾಡಬೇಕಾದದ್ದು ಆತಿಥೇಯ ಸಂಸ್ಥೆಯ ಸಾಮರ್ಥ್ಯ ಬೆಳೆಸುವ ಕೆಲಸ. ಮಕ್ಕಳ ಜೊತೆ ಕೂತು ಬೆಸುಗೆ ಹಾಕುವುದನ್ನು ಕಲಿಸುವುದು ನೇರ ಸೇವೆ. ಬೆಸುಗೆ ಕಲಿಸಬಲ್ಲ ಹತ್ತು ಸ್ವಯಂಸೇವಕರನ್ನು ಹುಡುಕುವುದು, ಅವರಿಗೆ ತರಬೇತಿ ಏರ್ಪಡಿಸುವುದು, ಅನುದಾನಕ್ಕೆ ಅರ್ಜಿ ಬರೆಯುವುದು, ಮೂಲೆ ಸೇರಿದ ಉಪಕರಣಗಳ ಪಟ್ಟಿ ಮಾಡುವುದು, ಪಕ್ಕದ ಶಾಲೆಯೊಂದಿಗೆ ಒಪ್ಪಂದ ಕುದುರಿಸುವುದು ಸಾಮರ್ಥ್ಯವರ್ಧನೆ. ಸಂಸ್ಥೆಯ ಸಂಬಳದ ನೌಕರನ ಜಾಗದಲ್ಲಿ ಸದಸ್ಯನನ್ನು ಕೂರಿಸುವಂತೆಯೂ ಇಲ್ಲ. ಬೇಸಿಗೆಯ ಕೆಲವು ವಾರಗಳಿಗೆ ಬರುವ ‘ಸಮ್ಮರ್ ಅಸೋಸಿಯೇಟ್’ಗಳಿಗೆ ಮಾತ್ರ ನೇರ ಸೇವೆಗೆ ಅವಕಾಶವಿದೆ. ಈ ವಿನಾಯಿತಿಯನ್ನು ಎಲ್ಲರಿಗೂ ಹಚ್ಚಿದರೆ ‘ಸರ್ಕಾರದ ಖರ್ಚಿನಲ್ಲಿ ಒಬ್ಬ ಮೇಷ್ಟ್ರು ಸಿಗುತ್ತಾರೆ’ ಎಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಮೇಕರ್ ಶಿಕ್ಷಣದಂಥ ಕ್ಷೇತ್ರಕ್ಕೆ ಇದು ಕಠಿಣ ನಿಯಮ: ಉಪಕರಣ ಮುಟ್ಟುವ ಆಸೆಯಿಂದ ಬಂದವನು ವರ್ಷವಿಡೀ ಕಾಗದಪತ್ರದೊಡನೆ ಕೂರಬೇಕು. ವರ್ಷ ಮುಗಿದು ಅವನು ಹೊರಟ ಮೇಲೂ ಕೆಲಸ ಮುಂದುವರಿಯಬೇಕಾದರೆ ಬೇರೆ ದಾರಿಯಿಲ್ಲ ಎಂಬುದು ನಿಯಮದ ಹಿಂದಿನ ತರ್ಕ.

ಬೋಸ್ಟನ್

ಸಂಯೋಜಕ ಏಕೆ ಬೇಕು ಎಂಬುದಕ್ಕೆ ಉತ್ತರ ಮೊದಲು ಕಂಡದ್ದು ಬೋಸ್ಟನ್‌ನಲ್ಲಿ, ಒಂದು ತೊಂದರೆಯ ರೂಪದಲ್ಲಿ. 1989ರ ಡಿಸೆಂಬರಿನ ರಜೆಯಲ್ಲಿ ಅಲ್ಲಿನ ಕಂಪ್ಯೂಟರ್ ಮ್ಯೂಸಿಯಂ ಲೆಗೊ ತುಂಡುಗಳಿಂದ ಕಟ್ಟಿದ್ದನ್ನು ಕಂಪ್ಯೂಟರ್‌ನಿಂದ ಚಲಿಸುವಂತೆ ಮಾಡುವ ಲೆಗೊ-ಲೋಗೊ ಕಾರ್ಯಾಗಾರ ನಡೆಸಿತು. ಬಡ ಬಡಾವಣೆಯ ಕೆಲವು ಹುಡುಗರಿಗೆ ಅದರ ರುಚಿ ಹತ್ತಿತು. ಕಾರ್ಯಾಗಾರ ಮುಗಿದ ಮೇಲೂ ಅವರು ಬರುತ್ತಲೇ ಇದ್ದರು. ಮಾಡಲು ಏನೂ ಇರಲಿಲ್ಲ. ಮ್ಯೂಸಿಯಂನಲ್ಲಿ ಅಲೆಯುವ ಈ ಮಕ್ಕಳ ಮೇಲೆ ಕಣ್ಣಿಡಿ ಎಂದು ಸಿಬ್ಬಂದಿಗೆ ಸೂಚನೆ ಹೋಯಿತು. ಎಂಐಟಿಯ ಮಿಚೆಲ್ ರೆಸ್ನಿಕ್ ಮತ್ತು ಮ್ಯೂಸಿಯಂನಲ್ಲಿದ್ದ ನಟಾಲಿ ರಸ್ಕ್ 1993ರಲ್ಲಿ ಆರಂಭಿಸಿದ ಕಂಪ್ಯೂಟರ್ ಕ್ಲಬ್‌ಹೌಸ್‌ಗೆ ಇದೇ ಪ್ರೇರಣೆ. ಮಾಡುತ್ತ ಕಲಿಯುವುದರ ಬಗ್ಗೆ ಎಂಐಟಿಯ ಸೀಮರ್ ಪೇಪರ್ಟರ ವಿಚಾರಗಳನ್ನು ಶಾಲೆಯ ಹೊರಗೆ ತಂದ ಪ್ರಯೋಗವೆಂದು ಅದನ್ನು ವಿವರಿಸುವುದು ವಾಡಿಕೆ. ಅದಕ್ಕೆ ಸಮನಾದ ಮತ್ತೊಂದು ಅಂಶವೆಂದರೆ, ಪ್ರತಿ ಕ್ಲಬ್‌ಹೌಸ್‌ಗೂ ಒಬ್ಬ ಸಂಯೋಜಕ ಇರಬೇಕೆಂಬ ವ್ಯವಸ್ಥೆ. 2000ದಲ್ಲಿ ಇಂಟೆಲ್ ಕಂಪನಿಯ ನೆರವಿನಿಂದ ಜಾಲ ಬೇರೆ ದೇಶಗಳಿಗೆ ಹಬ್ಬಿದಾಗಲೂ ಸ್ಥಳೀಯ ಆತಿಥೇಯ ಸಂಸ್ಥೆ ಮತ್ತು ಸಂಯೋಜಕ ಎಂಬ ಜೋಡಿ ಬದಲಾಗಲಿಲ್ಲ.

ಅದೇ ನಗರದ ಸೌತ್ ಎಂಡ್ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದವರು ಮೆಲ್ ಕಿಂಗ್ (ನಿಧನ 2023). 1968ರಲ್ಲಿ ಮನೆ ಕಳೆದುಕೊಂಡ ಬಡವರ ಪರವಾಗಿ ಪಾರ್ಕಿಂಗ್ ಜಾಗದಲ್ಲಿ ಡೇರೆ ಹಾಕಿ ಹೋರಾಡಿದ್ದವರು, 1983ರಲ್ಲಿ ಮೇಯರ್ ಚುನಾವಣೆಗೆ ನಿಂತಿದ್ದವರು. ಡೇರೆಗಳಿದ್ದ ಜಾಗದಲ್ಲಿ ಎದ್ದ ಟೆಂಟ್ ಸಿಟಿ ವಸತಿ ಸಮುಚ್ಚಯದಲ್ಲೇ ಈ ಕೇಂದ್ರವಿತ್ತು. ಎಂಐಟಿಯ ನೀಲ್ ಗರ್ಶೆನ್‌ಫೆಲ್ಡ್ ತಂಡ 2003ರ ಸುಮಾರಿಗೆ ಇಲ್ಲಿ ಫ್ಯಾಬ್ ಲ್ಯಾಬ್, ಎಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ವಸ್ತುಗಳನ್ನು ತಯಾರಿಸುವ ಕಾರ್ಯಾಗಾರ, ತೆರೆಯಿತು. ಎಂಐಟಿಯ ಹೊರಗಿನ ಮೊದಲ ಫ್ಯಾಬ್ ಲ್ಯಾಬ್ ಯಾವುದು ಎಂಬ ಬಗ್ಗೆ ಬರಹಗಳಲ್ಲಿ ಎರಡು ಹೇಳಿಕೆಗಳಿವೆ: ಬೋಸ್ಟನ್ ಮತ್ತು ಮಹಾರಾಷ್ಟ್ರದ ಪಾಬಳ್. ಪಾಬಳ್‌ನ ನಂಟು 2002ಕ್ಕೆ ಹೋಗುತ್ತದೆ. ಅಮೆರಿಕದ ಮಟ್ಟಿಗೆ ಬೋಸ್ಟನ್ ಮೊದಲು. ಬೋಸ್ಟನ್‌ನಲ್ಲಿ ಹದಿಹರೆಯದವರು ತಾವು ಕಲಿತದ್ದನ್ನು ಬೇಸಿಗೆಯಲ್ಲಿ ಕಿರಿಯ ಮಕ್ಕಳಿಗೆ ಕಲಿಸಿ ಗೌರವಧನ ಪಡೆಯುವ ಪದ್ಧತಿ ಬೆಳೆಯಿತು. ಕೈಖರ್ಚಿಗೆ ದುಡಿಯಲೇಬೇಕಾದ ಮಕ್ಕಳು ಬಿಟ್ಟಿ ಶಿಬಿರಕ್ಕೆ ಬರುವುದಿಲ್ಲ ಎಂಬ ಸರಳ ಸತ್ಯ ಅದರ ಹಿಂದಿತ್ತು.

ಮೇಕರ್ ಎಡ್

‘ಮೇಕ್’ ಪತ್ರಿಕೆ, 2006ರ ಸ್ಯಾನ್ ಮಟೇಯೊ ಮೇಕರ್ ಫೇರ್ ಎಂಬ ಜಾತ್ರೆ, 2014ರ ಜೂನ್ 18ರಂದು ಶ್ವೇತಭವನದಲ್ಲೇ ನಡೆದ ಮೇಕರ್ ಫೇರ್: ಇವು ಎಲ್ಲರೂ ಬರೆದಿರುವ ಘಟ್ಟಗಳು. ಪತ್ರಿಕೆಯ ಸ್ಥಾಪಕ ಡೇಲ್ ಡೌಹರ್ಟಿಯ ಮುಂದಾಳುತನದಲ್ಲಿ 2012ರಲ್ಲಿ ಮೇಕರ್ ಎಡ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಮರುವರ್ಷದ ‘ಮೇಕರ್ ಕೋರ್’ ಯೋಜನೆ ಯುವಜನರನ್ನು ಬೇಸಿಗೆಯ ಮಟ್ಟಿಗೆ ಮ್ಯೂಸಿಯಂ, ಗ್ರಂಥಾಲಯಗಳಿಗೆ ಕಳಿಸಿತು. ಬೇಸಿಗೆ ಮುಗಿದರೆ ಯುವಕರೂ ಇಲ್ಲ, ಕೆಲಸವೂ ಇಲ್ಲ ಎಂಬ, ಬೋಸ್ಟನ್‌ನ 1989ರ ತೊಂದರೆಯನ್ನು ಹೋಲುವ ಸಮಸ್ಯೆ ಇಲ್ಲಿಯೂ ಇತ್ತು. ದಶಕದ ಮಧ್ಯಭಾಗದಲ್ಲಿ ಬಂದ ‘ಮೇಕರ್ ವಿಸ್ಟಾ’ ಇಡೀ ವರ್ಷದ ಕಾರ್ಯಕರ್ತರನ್ನು ಕೊಟ್ಟಿತು. ಆತಿಥೇಯ ಸಂಸ್ಥೆಗಳು ಬಡ ಸಮುದಾಯಗಳ ನಡುವೆ ಕೆಲಸ ಮಾಡುವಂಥವಾಗಿರಬೇಕಿತ್ತು.

ಇದೇ ಹೊತ್ತಿಗೆ ಚಳವಳಿ ಯಾರದ್ದು ಎಂಬ ಪ್ರಶ್ನೆ ಎದ್ದಿತ್ತು. ಬಟ್ಟೆಗೆ ಹೊಲಿಯಬಹುದಾದ ಲಿಲಿಪ್ಯಾಡ್ ಆರ್ಡುಯಿನೊ ಎಂಬ ವಿದ್ಯುನ್ಮಾನ ಫಲಕ ರೂಪಿಸಿದ ಲೀಯಾ ಬೀಕ್ಲಿ 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಮ್ಮೇಳನದಲ್ಲಿ ‘ಮೇಕ್’ ಪತ್ರಿಕೆಯ ಮುಖಪುಟಗಳನ್ನು ಎಣಿಸಿ ತೋರಿಸಿದರು: ಬಹುಪಾಲು ಗಂಡಸರು ಮತ್ತು ಹುಡುಗರು, ಬಿಳಿಯರಲ್ಲದವರು ಒಬ್ಬರೂ ಇಲ್ಲ. 2016ರಲ್ಲಿ ಶಿರಿನ್ ವೊಸೂಘಿ ಮತ್ತು ಸಂಗಡಿಗರು ಹಾರ್ವರ್ಡ್‌ನ ಶಿಕ್ಷಣ ಪತ್ರಿಕೆಯಲ್ಲಿ, ಬಡ ಸಮುದಾಯಗಳಲ್ಲಿ ತಲೆಮಾರುಗಳಿಂದ ನಡೆದಿರುವ ರಿಪೇರಿ, ಹೊಲಿಗೆ, ಮರುಬಳಕೆಗಳನ್ನು ಲೆಕ್ಕಕ್ಕೆ ಹಿಡಿಯದೆ ‘ಇಲ್ಲದವರಿಗೆ ಕೊಡುವ’ ಧೋರಣೆಯನ್ನು ಪ್ರಶ್ನಿಸಿದರು. ಈ ಟೀಕೆ ಸಂಯೋಜಕನಿಗೂ ತಗಲುತ್ತದೆ. ಊರನ್ನೇ ಅರಿಯದವನಿಗೆ ಒಂದು ವರ್ಷದ ಅವಧಿಯಲ್ಲಿ ಅದನ್ನು ಅರಿಯುವುದೇ ಅರ್ಧ ಕೆಲಸ.

2019ರ ಜೂನ್‌ನಲ್ಲಿ ಮೇಕರ್ ಮೀಡಿಯಾ ಕೆಲಸ ನಿಲ್ಲಿಸಿ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಅದು ಪತ್ರಿಕೆ ಮತ್ತು ಜಾತ್ರೆಗಳನ್ನು ನಡೆಸುತ್ತಿದ್ದ ಕಂಪನಿ. ಮೇಕರ್ ಎಡ್ ಬೇರೆಯೇ ಸಂಸ್ಥೆ. ಎರಡನ್ನೂ ಒಂದೆಂದು ಹಿಡಿಯಬಾರದು. 2025ರ ಏಪ್ರಿಲ್‌ನಲ್ಲಿ ವಿಸ್ಟಾವನ್ನೂ ಒಳಗೊಂಡ ಅಮೆರಿಕೋರ್‌ನ ಸುಮಾರು 40 ಕೋಟಿ ಡಾಲರ್ ಅನುದಾನಗಳನ್ನು ಕೇಂದ್ರ ಸರ್ಕಾರ ರದ್ದುಮಾಡಿದಾಗ ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು.

ಭಾರತದಲ್ಲಿ

ಮೇಲೆ ಹೇಳಿದ ಪಾಬಳ್‌ನ ವಿಜ್ಞಾನ ಆಶ್ರಮ 1983ರದ್ದು. ಸ್ಥಾಪಕ ಡಾ. ಎಸ್. ಎಸ್. ಕಲಬಾಗ್ ಹಿಂದೂಸ್ತಾನ್ ಲಿವರ್‌ನ ಸಂಶೋಧನಾ ವಿಭಾಗ ಬಿಟ್ಟು ಬಂದು ಬರಪೀಡಿತ ಹಳ್ಳಿಯಲ್ಲಿ ನೆಲೆಸಿದವರು. ಅವರ ಪದ್ಧತಿ ಪ್ರೌಢಶಾಲೆಗಳಿಗೆ ಹೋದಾಗ ಸ್ಥಳೀಯ ಕಸುಬುದಾರರೇ ಬೋಧಕರಾದರು. ಇಲ್ಲಿ ಕಲಿಸುವವನೂ ಊರವನೂ ಒಬ್ಬನೇ.

ಬೆಂಗಳೂರಿನಲ್ಲಿ ಕಚೇರಿ, ಗಡಿಯಾಚೆಯ ಕುಪ್ಪಂನಲ್ಲಿ ಕ್ಯಾಂಪಸ್ ಇರುವ ಅಗಸ್ತ್ಯ ಪ್ರತಿಷ್ಠಾನ (1999) ಸಂಚಾರಿ ಪ್ರಯೋಗಾಲಯಗಳ ಮೂಲಕ ಕರ್ನಾಟಕದ ಹಳ್ಳಿ ಶಾಲೆಗಳಿಗೆ ಬೋಧಕರನ್ನು ಕಳಿಸುತ್ತದೆ. ಆಯ್ದ ವಿದ್ಯಾರ್ಥಿಗಳು ತಮ್ಮ ಓರಗೆಯವರಿಗೆ ಕಲಿಸುತ್ತಾರೆ. ಬೋಸ್ಟನ್‌ನ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 10,000 ಶಾಲೆಗಳನ್ನು ಮುಟ್ಟಿದೆ. ಪ್ರತಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ: 10 ಲಕ್ಷ ಸ್ಥಾಪನೆಗೆ, 10 ಲಕ್ಷ ಐದು ವರ್ಷಗಳ ನಿರ್ವಹಣೆಗೆ. ಲ್ಯಾಬಿನ ಉಸ್ತುವಾರಿ ಸಾಮಾನ್ಯವಾಗಿ ಶಾಲೆಯ ವಿಜ್ಞಾನ ಅಥವಾ ಗಣಿತ ಶಿಕ್ಷಕರದೇ, ಉಳಿದ ಪಾಠಗಳ ಜೊತೆಗೆ. ಬಿಡುವಿನಲ್ಲಿ ಬಂದು ಹೋಗುವ ‘ಮೆಂಟರ್ ಆಫ್ ಚೇಂಜ್’ಗಳು ಸಂಬಳವಿಲ್ಲದ ಸ್ವಯಂಸೇವಕರು. 2025ರ ಬಜೆಟ್‌ನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್‌ಗಳನ್ನು ಘೋಷಿಸಲಾಯಿತು.