ವಾರಂಟು, ವಾರಂಟಿ ಮತ್ತು ಕೊಲ್ಹಾಪುರದ ಒಂದು ಖಟ್ಲೆ

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಪಾಠ ನಡೆದಿತ್ತು. 'ಅನ್‌ವಾರಂಟೆಡ್' ಎಂಬ ಶಬ್ದ ಬಂತು. ಹುಡುಗನೊಬ್ಬ ಎದ್ದು ನಿಂತು, "ಸರ್, ವಾರಂಟ್ ಇಲ್ಲದ ಪೊಲೀಸ್ರು ಬಂದ್ರ ಅದಕ್ಕ ಹಂಗ ಅಂತಾರೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ಅರ್ಧ ಸರಿಯೇ ಇತ್ತು.

ಪೊಲೀಸರ ವಾರಂಟು ಅಂದರೆ ಅಧಿಕಾರ ಪತ್ರ. ಇಚಲಕರಂಜಿಯಲ್ಲಿ ಮಗ್ಗಕ್ಕೆ ಮೋಟಾರು ಕೊಂಡರೆ ಸಿಗುವ ವಾರಂಟಿ ಅಂದರೆ ಭರವಸೆ. ಎರಡಕ್ಕೂ ಮೂಲ ಒಂದೇ, ಹಳೆಯ ಫ್ರೆಂಚ್ ಮಾತು. ಗ್ಯಾರಂಟಿಯೂ ಅದೇ ಕುಲದ್ದು. ಹಾಗಾಗಿ 'ಅನ್‌ವಾರಂಟೆಡ್' ಶಬ್ದಕ್ಕೆ ಎರಡು ಮುಖ. ಒಂದು, ಅಧಿಕಾರವಿಲ್ಲದ್ದು. ಇನ್ನೊಂದು, ತಕ್ಕ ಕಾರಣವಾಗಲಿ ಆಧಾರವಾಗಲಿ ಇಲ್ಲದ್ದು. ಇಂದಿನ ಬಳಕೆಯಲ್ಲಿ ಎರಡನೆಯದೇ ಹೆಚ್ಚು. ಟೀಕೆ, ಸಂಶಯ, ಹಸ್ತಕ್ಷೇಪ, ಆರೋಪ ಇಂಥ ಶಬ್ದಗಳ ಹಿಂದೆ ಅದು ಬಂದು ಕೂರುತ್ತದೆ. 'ಅನಗತ್ಯ' ಎಂದು ಅನುವಾದಿಸಿದರೆ ಸಾಲದು. ಬೇಡವಾದದ್ದೆಲ್ಲ ಅನ್ಯಾಯವಲ್ಲ ನೋಡಿ.

ಹುಡುಗರಿಗೆ ಉದಾಹರಣೆ ಬೇಕಲ್ಲ? ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಸಿಕ್ಕಿತು.

ಗಡಹಿಂಗ್ಲಜದ ಹತ್ತಿರ ಸಾಮಾನಗಡ ಇದೆ. 1844ರಲ್ಲಿ ಕೊಲ್ಹಾಪುರದ ಅರಸ ಇನ್ನೂ ಹುಡುಗ. ಕಂಪನಿ ಸರಕಾರ ನೇಮಿಸಿದ ದಾಜಿ ಕೃಷ್ಣ ಪಂಡಿತರ ಕೈಯಲ್ಲಿ ಕಾರಭಾರ. ಕೋಟೆ ಕಾಯುತ್ತಿದ್ದ ಗಡಕರಿಗಳ ವಂಶಪಾರಂಪರ್ಯದ ಜಮೀನುಗಳನ್ನು ಮಾಮಲೇದಾರರ ಆಡಳಿತಕ್ಕೆ ಒಪ್ಪಿಸಲಾಯಿತು. ಗಡಕರಿಗಳು ಕೋಟೆಯ ಬಾಗಿಲು ಹಾಕಿಕೊಂಡು ದಂಗೆ ಎದ್ದರು. ಅಕ್ಟೋಬರಿನಲ್ಲಿ ಇಂಗ್ಲಿಷರು ಸಾಮಾನಗಡ ಗೆದ್ದರು. ಇಲ್ಲಿ ಕಾರಭಾರಿಗೆ ಅಧಿಕಾರ ಇತ್ತು, ಆದರೆ ಗಡಕರಿಗಳ ಕಣ್ಣಿಗೆ ನ್ಯಾಯ ಇರಲಿಲ್ಲ. ವಾರಂಟು ಇದ್ದೂ 'ಅನ್‌ವಾರಂಟೆಡ್' ಆಗಬಹುದು ಎಂದು ಹುಡುಗರಿಗೆ ಹೇಳಿದೆ.

ಎರಡನೆಯ ಕಥೆ ಇನ್ನೂ ತೊಡಕಿನದು. 1871ರಲ್ಲಿ ನಾಲ್ಕನೆಯ ಶಿವಾಜಿಯನ್ನು ದತ್ತು ತೆಗೆದುಕೊಂಡು ಕೊಲ್ಹಾಪುರದ ಗಾದಿಗೆ ಕೂರಿಸಿದರು. ಆಗ ಅವರು ಎಂಟು ವರ್ಷದ ಬಾಲಕ. ಮುಂದೆ ಅವರಿಗೆ ಬುದ್ಧಿಭ್ರಮಣೆ ಎಂದು ಇಂಗ್ಲಿಷ್ ಅಧಿಕಾರಿಗಳು ಸಾರಿದರು. ಅವರನ್ನು ಪೀಡಿಸಲಾಗುತ್ತಿದೆ ಎಂಬ ಮಾತು ಊರೂರು ಹಬ್ಬಿತು. ಪುಣೆಯ 'ಕೇಸರಿ' ಮತ್ತು 'ಮರಾಠಾ' ಪತ್ರಿಕೆಗಳು ಅರಸನ ಪರ ನಿಂತವು. ದಿವಾಣ ಮಾಧವರಾವ್ ಬರ್ವೆಯವರ ಮೇಲೆ ಗುರುತರ ಆರೋಪ ಹೊರಿಸಿದವು. ಅದಕ್ಕೆ ಪುರಾವೆಯಾಗಿ ಕೆಲವು ಪತ್ರಗಳಿದ್ದವು. ಬರ್ವೆ ಮಾನಹಾನಿ ಖಟ್ಲೆ ಹೂಡಿದರು. ಪತ್ರಗಳು ಖೋಟಾ ಎಂದು ಗೊತ್ತಾಯಿತು. ಸಂಪಾದಕರು ಕ್ಷಮೆ ಕೇಳಿದರೂ 1882ರ ಜುಲೈನಲ್ಲಿ ಟಿಳಕರಿಗೂ ಆಗರಕರರಿಗೂ ನಾಲ್ಕು ತಿಂಗಳ ಶಿಕ್ಷೆಯಾಯಿತು. ಮುಂಬಯಿಯ ಡೋಂಗ್ರಿ ತುರಂಗದಲ್ಲಿ ಅವರು 101 ದಿನ ಇದ್ದರು. ಆ ದಿನಗಳ ಬಗ್ಗೆ ಆಗರಕರರು ಒಂದು ಪುಸ್ತಕವನ್ನೇ ಬರೆದರು.

ಮರುವರ್ಷ, 1883ರ ಡಿಸೆಂಬರ್ 25ರಂದು, ಅಹಮದನಗರದ ಕೋಟೆಯಲ್ಲಿ ಅರಸ ತೀರಿಕೊಂಡರು. ಕಾವಲಿಗಿದ್ದ ಬ್ರಿಟಿಷ್ ಸೈನಿಕನೊಡನೆ ಆದ ಸೆಣಸಾಟದ ಬೆನ್ನಿಗೇ ಆದ ಸಾವು. ವಯಸ್ಸು ಇಪ್ಪತ್ತು. ಅವರ ನಂತರ 1884ರಲ್ಲಿ ದತ್ತಕ ಬಂದವರೇ ಶಾಹೂ ಮಹಾರಾಜರು. ಅವರ ತಾಯಿ ರಾಧಾಬಾಯಿ ನಮ್ಮ ಮುಧೋಳದ ಮಗಳು.

ಈಗ ನೀವೇ ಹೇಳಿ, ಯಾವುದು 'ಅನ್‌ವಾರಂಟೆಡ್'? ಅರಸನ ಬಗ್ಗೆ ಜನರಿಗಿದ್ದ ಕಳವಳವೇ? ಅಲ್ಲ, ಕಾರಣ ಇಲ್ಲದೆ ಅದು ಹುಟ್ಟಿರಲಿಲ್ಲ. ಖೋಟಾ ಪತ್ರ ನಂಬಿ ಒಬ್ಬ ಮನುಷ್ಯನ ಮೇಲೆ ಹೊರಿಸಿದ ಆರೋಪ ಮಾತ್ರ ಖಂಡಿತ ಆ ಶಬ್ದಕ್ಕೆ ತಕ್ಕದ್ದು. ಉದ್ದೇಶ ಒಳ್ಳೆಯದಿದ್ದರೂ ಆಧಾರ ಸುಳ್ಳಾದರೆ ಮಾತು ನಿಲ್ಲುವುದಿಲ್ಲ. ಟಿಳಕರಂಥವರಿಗೂ ಇದು ತಪ್ಪಲಿಲ್ಲ.

ಗಡಿಯಲ್ಲಿ ಬದುಕುವ ನಮಗೆ ಈ ಪಾಠ ಸ್ವಲ್ಪ ಹೆಚ್ಚೇ ಬೇಕು. ಎಲ್ಲೋ ಬಸ್ಸಿಗೆ ಕಲ್ಲು ಬಿತ್ತೆಂದು ಫೋನಿನಲ್ಲಿ ಸುದ್ದಿ ಬರುತ್ತದೆ. ಕನ್ನಡದವರು ಮರಾಠಿಯವರನ್ನೂ ಮರಾಠಿಯವರು ಕನ್ನಡದವರನ್ನೂ ಬೈಯಲು ಶುರುಮಾಡುತ್ತಾರೆ. ಮುಂದೆ ಕಳಿಸುವ ಮೊದಲು ಆ ಹುಡುಗ ಕೇಳಿದ್ದನ್ನೇ ನಾವೂ ಕೇಳಿಕೊಳ್ಳಬೇಕು: ಇದಕ್ಕೆ ವಾರಂಟು ಇದೆಯೇನ್ರಿ?