ಮಾಲೇಕಲ್ಲಿನ ದೀರ್ಘ: ಹೊಯ್ಸಳ ಸೀಮೆಯ ಸಮಾಸನಾಮಗಳಲ್ಲಿ ಸಂಧಿಸ್ಥಾನ ಮತ್ತು ಉಚ್ಚಾರಾಂಶ

ಅರಸೀಕೆರೆಗೆ ಸಮೀಪದ ಮಾಲೇಕಲ್ಲು ತಿರುಪತಿಯ ಹೆಸರನ್ನು ‘ಮಾಲೆ’, ‘ಕಲ್ಲು’ ಎಂದು ಬಿಡಿಸುವುದು ಸುಲಭ. ಆದರೆ ಹಾಗೆ ಬಿಡಿಸಿದಾಗ ಎರಡು ಪ್ರಶ್ನೆಗಳು ಉಳಿಯುತ್ತವೆ: ‘ಲೆ’ ದೀರ್ಘವಾದುದೇಕೆ? ಕಕಾರಕ್ಕೆ ಗಕಾರ ಆದೇಶವಾಗದಿರುವುದೇಕೆ? ಒರೆಗಲ್ಲು, ಅಡಿಗಲ್ಲು, ವೀರಗಲ್ಲುಗಳಲ್ಲಿ ಆದೇಶ ನಡೆದಿದೆ, ಇಲ್ಲಿ ನಡೆದಿಲ್ಲ.

ಆದೇಶವಾದರೋ ಈ ಸೀಮೆಯಲ್ಲಿ ಬಹು ಪ್ರಾಚೀನ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿಯೇ (ಸು. 450) ‘ಬಾಳ್ಗೞ್ಚು’, ‘ಮೂೞಿವಳ್ಳಿ’ ಎಂಬ ರೂಪಗಳಿವೆ, ‘ಕೞ್ಚು’ವಿನ ಕಕಾರ ಗಕಾರವಾಗಿದೆ, ‘ಪಳ್ಳಿ’ಯ ಪಕಾರ ವಕಾರವಾಗಿದೆ. ಮೊದಲನೆಯ ಪದ ನಮ್ಮ ಸಂಶೋಧನ ವಿದ್ಯಾರ್ಥಿಗಳು ಹಲವೊಮ್ಮೆ ಎಡವುವ ಒಂದು ಸ್ಥಳವನ್ನೂ ತೋರಿಸುತ್ತದೆ. ಲಿಪಿಯಲ್ಲಿ ಅದು ಬಾ–ಳ್ಗ–ೞ್ಚು, ಉಚ್ಚಾರಣೆಯಲ್ಲಿ ಬಾಳ್–ಗೞ್–ಚು. ಎಣಿಕೆ ಎರಡರಲ್ಲಿಯೂ ಮೂರೇ. ಆದರೆ ಸಮಾಸದ ಕೂಡುಸ್ಥಳ ಉಚ್ಚಾರಾಂಶದ ಅಂಚಿನಲ್ಲಿದ್ದರೂ ಲಿಪ್ಯಕ್ಷರದ ಒಡಲೊಳಗೆ ಹುದುಗಿಹೋಗಿದೆ. ನಾರ್ವೇಜಿಯನ್ ಬರೆಹದಲ್ಲಿ ಸಮಾಸವನ್ನು ಒಂದೇ ಪದವಾಗಿ ಬರೆದು, ಸಾಲಿನ ತುದಿಯಲ್ಲಿ ಒಡೆಯುವಾಗ ಘಟಕಗಳು ಕೂಡುವಲ್ಲಿಯೇ ಒಡೆಯುವುದುಂಟು. ‘ಳ್ಗ’ವನ್ನು ಹಾಗೆ ಒಡೆಯಲು ನಮ್ಮ ಲಿಪಿ ಬಿಡದು.

ಮಾಲೇಕಲ್ಲಿನ ದೀರ್ಘಕ್ಕೆ ಸುಳಿವು ನೆರೆಯಲ್ಲಿಯೇ ಇದೆ. ಅರಸೀಕೆರೆ ಶಾಸನಗಳಲ್ಲಿ ‘ಅರಸಿಯಕೆರೆ’. ಷಷ್ಠಿಯ ಯಕಾರ ಲೋಪಿಸಿ ಹಿಂದಿನ ಸ್ವರ ದೀರ್ಘವಾಗಿದೆ. ಮಾತ್ರೆಗಳನ್ನು ಎಣಿಸಿ ನೋಡೋಣ: ಅರಸಿಯಕೆರೆಯಲ್ಲಿ ಉಚ್ಚಾರಾಂಶ 6, ಮಾತ್ರೆ 6, ಅರಸೀಕೆರೆಯಲ್ಲಿ ಉಚ್ಚಾರಾಂಶ 5, ಮಾತ್ರೆ 6, ಆಡುಮಾತಿನ ‘ಅರ್ಸೀಕೆರೆ’ಯಲ್ಲಿ ಉಚ್ಚಾರಾಂಶ 4ಕ್ಕೆ ಇಳಿದರೂ ಮಾತ್ರೆ ಮತ್ತೆ 6. ‘ಹಳೆಯ ಬೀಡು’ ಹಳೇಬೀಡಾದಾಗಲೂ 6 ಮಾತ್ರೆಗಳು ಹಾಗೆಯೇ ನಿಂತಿವೆ. ಇದೇ ಜಾಡಿನಲ್ಲಿ ಮಾಲೇಕಲ್ಲಿಗೆ ‘ಮಾಲೆಯ ಕಲ್ಲು’ ಎಂಬ ಪೂರ್ವರೂಪವನ್ನು ನಾವು ಊಹಿಸುತ್ತೇವೆ. ಎರಡರಲ್ಲಿಯೂ 7 ಮಾತ್ರೆ. ವಿಭಕ್ತಿ ಉಳಿದಿದ್ದ ಕಾಲದಲ್ಲಿ ಇದು ಸಮಾಸವಲ್ಲ, ಪದಪುಂಜ. ಆದುದರಿಂದಲೇ ಕಕಾರ ಆದೇಶಕ್ಕೆ ಸಿಕ್ಕಲಿಲ್ಲ ಎಂಬುದು ನಮ್ಮ ವಾದ. (‘ಮಾಲೆ’ಯ ಅರ್ಥ ಬೇರೆಯೇ ಚರ್ಚೆ, ಸ್ಥಳಪುರಾಣದ ಮೇಲೆ ಧ್ವನಿನಿಯಮವನ್ನು ಕಟ್ಟಲಾಗದು.)

ಆಕ್ಷೇಪಣೆಗಳಿಲ್ಲದಿಲ್ಲ. ದಾವಣಗೆರೆಯಲ್ಲಿ ನಡೆದ ಆದೇಶ ಚಳ್ಳಕೆರೆಯಲ್ಲಿ ನಡೆದಿಲ್ಲ, ಅಲ್ಲಿ ದೀರ್ಘವೂ ಇಲ್ಲ. ಆದೇಶದ ಅಭಾವವೊಂದೇ ಷಷ್ಠಿಗೆ ಸಾಕ್ಷಿಯಾಗದು, ದೀರ್ಘವೂ ಜೊತೆಗಿರಬೇಕು. ಹೊಯ್ಸಳರ ಕಾಲದಲ್ಲಿಯೇ, ಸು. 1260ರಲ್ಲಿ, ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜ ಸಂಧಿಗೂ ಸಮಾಸಕ್ಕೂ ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟಿದ್ದಾನೆ. ಆದರೆ ಅವನ ಲಕ್ಷ್ಯ ಕಾವ್ಯಭಾಷೆ, ಜನರ ಬಾಯಲ್ಲಿ ಸವೆದ ಊರ ಹೆಸರುಗಳಲ್ಲ. ಬೇಲೂರು ಇನ್ನೂ ತೊಡಕಿನದು: ‘ಬೇಲುಹೂರು’ 6 ಮಾತ್ರೆ, ಬೇಲೂರು 5. ಹಕಾರ ಬಿದ್ದಾಗ ಮುಂದಿದ್ದ ಊಕಾರ ಮೊದಲೇ ದೀರ್ಘ. ಕಳೆದ ಮಾತ್ರೆಗೆ ಅಲ್ಲಿ ಎಡೆಯಿರಲಿಲ್ಲ.