ಆನೆಗಳಿಂದ ನಾಟಾ ಸಾಗಣೆ: ಸಾಂಪ್ರದಾಯಿಕ ಕೆಲಸ ಹಾಗೂ ಅದರ ಚಿತ್ರೀಕರಣ

ಹಿನ್ನೆಲೆ

ವಾಹನಗಳು ತಲುಪಲಾಗದ ಇಳಿಜಾರು ಕಾಡುಗಳಿಂದ ಮರದ ದಿಮ್ಮಿಗಳನ್ನು ರಸ್ತೆಯ ಬದಿಗೆ ತರಲು ಕರ್ನಾಟಕದಲ್ಲಿ ದೀರ್ಘಕಾಲ ಆನೆಗಳನ್ನು ಬಳಸಲಾಗುತ್ತಿತ್ತು. ಕೊಡಗು ಜಿಲ್ಲೆಯ ದುಬಾರೆಯು ಇಂತಹ ಆನೆಗಳ ಶಿಬಿರವಾಗಿತ್ತು. ಮೈಸೂರು ಜಿಲ್ಲೆಯ ಕಾಕನಕೋಟೆಯ ಖೆಡ್ಡಾಗಳಲ್ಲಿ ಸೆರೆಹಿಡಿದ ಆನೆಗಳನ್ನು ಪಳಗಿಸಿ ಈ ಕೆಲಸಕ್ಕೂ ನಿಯೋಜಿಸಲಾಗುತ್ತಿತ್ತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಕೆಲಸದ ವಿಧಾನ

ಕಡಿತಲೆಯಾದ ಮರದ ಕೊಂಬೆಗಳನ್ನು ಸವರಿ, ದಿಮ್ಮಿಗೆ ಸರಪಳಿ ಬಿಗಿದು ಆನೆಯಿಂದ ಎಳೆಸಲಾಗುತ್ತಿತ್ತು. ದಿಮ್ಮಿಗಳನ್ನು ಉರುಳಿಸಲು ಹಾಗೂ ಒಟ್ಟಲು ಆನೆಯು ಸೊಂಡಿಲು, ದಂತ ಮತ್ತು ಹಣೆಯನ್ನು ಬಳಸುತ್ತಿತ್ತು. ಮಾವುತನು ಮಾತಿನಿಂದಲೂ ಕಿವಿಯ ಹಿಂದೆ ಕಾಲ್ಬೆರಳುಗಳ ಒತ್ತಡದಿಂದಲೂ ಆನೆಗೆ ಸೂಚನೆ ನೀಡುತ್ತಿದ್ದನು. ಮೇವು, ಸ್ನಾನ ಮುಂತಾದವುಗಳಲ್ಲಿ ಕಾವಾಡಿಯು ಅವನಿಗೆ ನೆರವಾಗುತ್ತಿದ್ದನು. ಇಳಿಜಾರಿನಲ್ಲಿ ದಿಮ್ಮಿ ಹಿಂದಿನಿಂದ ಜಾರಿಬಂದರೆ ಆನೆಗೂ ಮಾವುತನಿಗೂ ಅಪಾಯವಿದ್ದುದರಿಂದ, ದಾರಿಯ ಆಯ್ಕೆಯು ಅನುಭವವನ್ನು ಬೇಡುವ ವಿಷಯವಾಗಿತ್ತು.

ಬದಲಾವಣೆ

1988ರ ರಾಷ್ಟ್ರೀಯ ಅರಣ್ಯ ನೀತಿಯು ಅರಣ್ಯದ ಆದಾಯಕ್ಕಿಂತ ಪರಿಸರದ ಸಮತೋಲನಕ್ಕೆ ಆದ್ಯತೆ ನೀಡಿತು. ಕೇಂದ್ರ ಸರ್ಕಾರದ ಅನುಮೋದನೆ ಪಡೆದ ಕಾರ್ಯಯೋಜನೆಯಿಲ್ಲದೆ ಅರಣ್ಯಗಳಲ್ಲಿ ಮರ ಕಡಿಯುವುದನ್ನು ಸರ್ವೋಚ್ಚ ನ್ಯಾಯಾಲಯವು ದಿನಾಂಕ 12-12-1996ರ ಆದೇಶದಲ್ಲಿ ತಡೆಯಿತು. ಶಿಬಿರದ ಆನೆಗಳು ಇಂದು ಕಾಡಾನೆಗಳನ್ನು ಹಿಡಿಯುವ ಹಾಗೂ ಹಿಮ್ಮೆಟ್ಟಿಸುವ ಕಾರ್ಯಾಚರಣೆಗಳಲ್ಲಿಯೂ ಮೈಸೂರು ದಸರಾದಲ್ಲಿಯೂ ಭಾಗವಹಿಸುತ್ತವೆ. ನಾಟಾ ಎಳೆಸಿದ ಅನುಭವವು ಹಿರಿಯ ಮಾವುತರು ಮತ್ತು ಕಾವಾಡಿಗಳಲ್ಲಿ ಮಾತ್ರ ಉಳಿದಿದ್ದು, ಅದು ಬಹುಪಾಲು ಬರವಣಿಗೆಯಲ್ಲಿಲ್ಲ.

ಸಾಕ್ಷ್ಯಚಿತ್ರ ತಯಾರಿಸುವವರ ಗಮನಕ್ಕೆ

1. ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳಲ್ಲಿ ಚಿತ್ರೀಕರಣಕ್ಕೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯತಕ್ಕದ್ದು. ಪ್ರಾಣಿಗಳಿಗಾಗಲೀ ಅವುಗಳ ಆವಾಸಕ್ಕಾಗಲೀ ಧಕ್ಕೆಯಾಗಬಾರದು.

2. ಹಳೆಯ ಕೆಲಸವನ್ನು ತೋರಿಸಲು ಆನೆಯಿಂದ ದಿಮ್ಮಿ ಎಳೆಸುವುದಾದಲ್ಲಿ, ಪ್ರದರ್ಶಕ ಪ್ರಾಣಿಗಳ (ನೋಂದಣಿ) ನಿಯಮಗಳು, 2001ರ ಅನ್ವಯ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಅಗತ್ಯ.

3. ಹಿರಿಯ ಮಾವುತರ ಹೇಳಿಕೆ, ಆನೆಗೆ ನೀಡುವ ಸೂಚನೆಯ ಪದಗಳು, ಸರಪಳಿ ಮುಂತಾದ ಸಲಕರಣೆಗಳ ದಾಖಲಾತಿಗೆ ಆನೆಯನ್ನು ದುಡಿಸುವ ಅಗತ್ಯವಿರುವುದಿಲ್ಲ. ಹೇಳಬಲ್ಲವರು ವಯೋವೃದ್ಧರಾಗಿರುವುದರಿಂದ ಈ ದಾಖಲಾತಿಯನ್ನು ಮೊದಲು ಕೈಗೊಳ್ಳುವುದು ಸೂಕ್ತ. ಹೇಳಿಕೆ ನೀಡುವವರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯತಕ್ಕದ್ದು.